ಪುಟ್ಟಾ, ದೊಡ್ಡಪ್ಪನ ಬಗ್ಗೆ ನೀ ಹಾಕಿದ್ದು ಕೇಳ್ದೆ

ಪುಟ್ಟಾ, ತೀರ್ಕೊಂಡ ದೊಡ್ಡಪ್ಪನ ಬಗ್ಗೆ ಬೆಳಿಗ್ಗೆ ಗ್ರೂಪಲ್ಲಿ ಹಾಕಿದ್ಯಲ್ಲ, ಪಾಪ ಇಡೀ ಜೀವ್ಮಾನ ಆ ಕಿರಾಣಿ ಅಂಗಡಿಲೇ ಕಳೆದ್ರು, ಒಂದು ಊರು ನೋಡ್ಲಿಲ್ಲ ಅಂತ. ನೀನು ಪ್ರೀತಿಯಿಂದಾನೇ ಹೇಳಿದ್ದು, ಗೊತ್ತು ಮಾರಾಯ. ಆದ್ರೆ ಅವ್ರು ಯಾಕೆ ಎಲ್ಲೂ ಹೋಗ್ಲಿಲ್ಲ ಅನ್ನೋದನ್ನ ನಿಮಗೆ ಚಿಕ್ಕೋರಿಗೆ ಯಾರೂ ಹೇಳಿಲ್ಲ ಅನ್ಸತ್ತೆ.

ಲಿಂಗನಮಕ್ಕಿ ಡ್ಯಾಮ್ 1964ರಲ್ಲಿ ಆಯ್ತಲ್ಲ, ಆಗ ದೊಡ್ಡಪ್ಪ ಹನ್ನೊಂದ್ಹನ್ನೆರಡು ವರ್ಷದ ಹುಡ್ಗ. ಶರಾವತಿ ನೀರು ಏರ್ತಾ ಬಂದು ಮನೆ, ತೋಟ, ಗದ್ದೆ ಎಲ್ಲ ಹೋಯ್ತು. ಪಾತ್ರೆ ಪಗಡ, ದೇವ್ರ ಪೆಟ್ಟಿಗೆ ಲಾರಿಗೆ ಹಾಕ್ಕೊಂಡು ಎಲ್ಲೋ ಕಾಡಲ್ಲಿ ತೋರ್ಸಿದ ಜಾಗಕ್ಕೆ ಬಂದ್ರು. ಅಡಿಕೆ ಸಸಿ ನೆಟ್ರೆ ಫಸಲಿಗೆ ಬರಕ್ಕೇ ಐದಾರು ವರ್ಷ ಬೇಕು, ಅಲ್ಲಿ ತನಕ ಉಣ್ಣೋದೇನು? ಹಂಗಾಗಿ ಶಾಲೆ ಬಿಡ್ಸಿ ಸಾಗರಕ್ಕೆ ಅಂಗಡಿ ಕೆಲ್ಸಕ್ಕೆ ಕಳ್ಸಿದ್ರು. ಮೂಟೆ ಹೊರೋದು, ಪೊಟ್ಟಣ ಕಟ್ಟೋದು, ರಾತ್ರಿ ಅಲ್ಲೇ ಗೋಣಿಚೀಲ ಹಾಸ್ಕೊಂಡು ಮಲಗೋದು. ಇಬ್ರು ತಂಗೀರ ಮದುವೆ ಮಾಡಿದ್ದು ಆ ಸಂಬಳದಲ್ಲೇ, ಸ್ವಂತ ಅಂಗಡಿ ಅಂತ ಆಗಿದ್ದೆಲ್ಲ ಆಮೇಲೆ.

ಆ ಅಂಗಡಿಗೆ ಬರ್ತಿದ್ದೋರು ಹೆಚ್ಚಿಗೆ ಹಿನ್ನೀರಿನ ಆಚೆ ದಡದ ತುಮರಿ ಕಡೆಯೋರು, ಕರೂರು ಸೀಮೆಯೋರು. ಸಂಜೆ ಕೊನೇ ಲಾಂಚ್ ತಪ್ಪಿದ್ರೆ ಹೊಳೆ ದಾಟೋ ಹಾಗಿಲ್ಲ ಅಂತ ದೊಡ್ಡಪ್ಪ ಅವ್ರ ಚೀಟಿ ಸಾಮಾನು ಮೊದ್ಲೇ ಕಟ್ಟಿ ಇಡ್ತಿದ್ರು, ಆಸ್ಪತ್ರೆಗೆ ಬಂದೋರು, ಕೋರ್ಟಿಗೆ ಬಂದೋರು, ಯಾರಿಗೇ ಲೇಟಾಗಿ ಲಾಂಚ್ ಸಿಗಲ್ಲ ಅಂತಾದ್ರೂ ಸೀದಾ ನಮ್ಮನೆಗೇ ಕರ್ಕೊಂಡ್ ಬರೋರು, ಜಗಲಿ ತುಂಬ ಹಾಸಿಗೆ. (ರಾತ್ರಿ ಎಂಟಕ್ಕೆ ನಾಲ್ಕು ಜನ ಬಂದ್ರೂ ಮುಖ ಸಣ್ಣ ಮಾಡ್ದೆ ಮತ್ತೆ ಅಕ್ಕಿ ಇಟ್ಟೋರು ದೊಡ್ಡಮ್ಮ, ಅದನ್ನ ಯಾರೂ ಮರೀಬೇಡಿ.) ಉದ್ರಿ ಲೆಕ್ಕ ಅಡಿಕೆ ಸುಲಿದು, ಬೇಯಿಸಿ, ಮಂಡಿಗೆ ಹಾಕಿದ್ಮೇಲೇ ಚುಕ್ತಾ. ಕೊಳೆ ರೋಗ ಬಂದು ಅಡಿಕೆ ಕಾಯೆಲ್ಲ ಉದುರಿದ ವರ್ಷ ಕೇಳ್ತಾನೇ ಇರ್ಲಿಲ್ಲ, ಮುಂದಿನ ಕೊಯ್ಲಿಗೆ ನೋಡನ ಅನ್ನೋರು. ಅಂಗಡಿ ದೊಡ್ಡದಾಗ್ಲಿಲ್ಲ ನಿಜ, ಅದಕ್ಕೆ ಕಾರಣಾನೂ ಇದೇ.

ಮಳೆ ಕೈಕೊಟ್ಟ ಒಂದು ವರ್ಷ ಬೇಸಿಗೆಲಿ ನೀರು ಪೂರ್ತಿ ಇಳಿದು ಮುಳುಗಿದ್ದ ಮಡೆನೂರಿನ ಹಳೇ ಹಿರೇಭಾಸ್ಕರ ಡ್ಯಾಮ್ ಎದ್ದು ಕಾಣ್ತಿತ್ತು, ಅವತ್ತು ಅಂಗಡಿ ಬಾಗ್ಲು ಹಾಕಿ ನಮ್ಮನ್ನೆಲ್ಲ ಕರ್ಕೊಂಡ್ ಹೋಗಿದ್ರು. ಒಡೆದ ಕೆಸರಲ್ಲಿ ನಿಂತು, ನಮ್ ತೋಟ ಆ ದಿಕ್ಕಿಗೆ ಬರತ್ತೆ ಅಂತ ಕೈ ತೋರ್ಸಿದ್ರು. ವಾಪಸ್ ಬರ್ತಾ ಬಸ್ಸಲ್ಲಿ ನನ್ ಹತ್ರ ಅಂದಿದ್ದು, ನಮಗೆ ಹೋಗಕ್ಕೆ ಊರಿಲ್ಲ ತಂಗಿ, ನಿಮಗೆ ಬರಕ್ಕೊಂದು ಮನೆ ಇರ್ಲಿ ಅಂತ ನಾನು ಇಲ್ಲೇ ಕೂತಿದೀನಿ ಅಂತ. ಬೆಂಗ್ಳೂರಿಗೆ ಬಂದಿರಿ ಅಂತ ಮಕ್ಕಳು ಎಷ್ಟು ಕರೆದ್ರೂ ಬರ್ದೇ ಇದ್ದಿದ್ದು ಇದಕ್ಕೆ ಕಣೋ. ಮಾರಿಜಾತ್ರೆಗೆ ನಾವೆಲ್ಲ ಎಲ್ಲೆಲ್ಲಿಂದ್ಲೋ ಬಂದು ಆ ಮನೆಲಿ ಬೀಳ್ತಿದ್ವಲ್ಲ, ಹೊರಡುವಾಗ ಒಬ್ಬೊಬ್ರಿಗೂ ಅಪ್ಪೆಮಿಡಿ ಬಾಟ್ಲಿ, ಹಲಸಿನ ಹಪ್ಪಳದ ಕಟ್ಟು. ಯಾರಿಗೆ ಖಾರ ಕಮ್ಮಿ ಅಂತಾನೂ ನೆನಪಿರೋದು ಅವ್ರಿಗೆ.

2025ರ ಜುಲೈಲಿ ತುಮರಿ ಕಡೆಗೆ ಹೊಳೆ ದಾಟೋ ಅಂಬಾರಗೋಡ್ಲು ಸೇತುವೆ ಓಪನ್ ಆಯ್ತಲ್ಲ, ನೋಡ್ಬೇಕು ಅಂದ್ರು ಅಂತ ಅಣ್ಣ ಕಾರಲ್ಲಿ ಕರ್ಕೊಂಡ್ ಹೋದ. ಎರಡು ಕಿಲೋಮೀಟರ್ ಮೇಲಿದೆ ಅದು, ಆ ತುದಿ ತನಕ ನಿಧಾನಕ್ಕೆ ಹೋಗು ಅಂತ ಹೇಳಿ ನೀರು ನೋಡ್ತಾ ಕೂತಿದ್ರಂತೆ. ತುಂಬ ಖುಷಿಪಟ್ರು, ಬಾಣಂತೀರು, ಕಾಯಿಲೆಯೋರು ಇನ್ನು ರಾತ್ರಿ ಹೊತ್ತು ಕಾಯ್ಬೇಕಿಲ್ಲ ಅಂತ. ಆಮೇಲೆ ಅಣ್ಣನ ಹತ್ರ, ಇನ್ ನಮ್ಮನೆಲಿ ಯಾರೂ ಉಳ್ಕಳಲ್ಲ ಅಲ್ವನಾ ಅಂದ್ರಂತೆ.

ಮತ್ತೆ ಚಿಕ್ಕಮ್ಮ, ಹದಿಮೂರನೇ ದಿನದ ಊಟಕ್ಕೆ ಎಷ್ಟು ಜನ ಅಂತ ನಿನ್ನೆ ಕೇಳಿದ್ರಿ. ನಮ್ ನೆಂಟ್ರ ಲೆಕ್ಕ ಮಾತ್ರ ಕೊಡ್ಬೇಡಿ, ಹೊಳೆ ಆಚೆಯೋರು ಕರೀದೇನೂ ಬರ್ತಾರೆ, ಅಡುಗೆ ಭಟ್ರಿಗೆ ಅದನ್ನೂ ಸೇರ್ಸಿ ಇವತ್ತೇ ಹೇಳ್ಬಿಡಿ.