ಕಾಡಿನ ಗಿಡಗಳೂ ಮುಯ್ಯಾಳು ಮಾಡ್ತಾವಾ?

ಖಾನಾಪುರದವ: ನಮ್ಮೂರು ಭೀಮಗಡ ಕಾಡಿನ ಅಂಚಿನಲ್ಲಿದೆ. ಮಳೆ ಹಿಡಿದ ಮೇಲೆ ಉದುರಿದ ಎಲೆ ಸರಿಸಿದರೆ ಕೆಳಗೆ ಬಿಳಿ ದಾರದಂಥ ಬೂಷ್ಟು. ಅದು ಬೇರಿಗೆ ರಂಜಕ ತಂದುಕೊಡುತ್ತದೆ, ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. 1997ರಲ್ಲಿ ಅರಣ್ಯ ವಿಜ್ಞಾನಿ ಸುಝಾನ್ ಸಿಮಾರ್ಡ್ ಮತ್ತು ಜೊತೆಗಾರರು ಕೆನಡಾದಲ್ಲಿ ಬರ್ಚ್ ಸಸಿಯಿಂದ ಡಗ್ಲಸ್ ಫರ್ ಸಸಿಗೆ ಇಂಗಾಲ ಹೋಗುವುದನ್ನು ತೋರಿಸಿದರು. ಫರ್‌ಗೆ ನೆರಳು ಹೆಚ್ಚಾದಷ್ಟೂ ಇಂಗಾಲ ಜಾಸ್ತಿ ಹೋಗಿತ್ತು. ಕಷ್ಟದಲ್ಲಿದ್ದವರಿಗೆ ಹೆಚ್ಚು! ನಮ್ಮ ಹಿರಿಯರ ಮುಯ್ಯಾಳೂ (ಕೂಲಿ ಇಲ್ಲದೆ ಒಬ್ಬರ ಹೊಲಕ್ಕೆ ಒಬ್ಬರು ದುಡಿಯೋದು) ಹೀಗೇ ಇತ್ತು. ಈಗ ಪಕ್ಕದ ಹೊಲಕ್ಕೆ ಒಂದು ತಾಸು ನೀರು ಬಿಡಲ್ಲ. ಗಿಡ ನೋಡಿ ಕಲೀಬೇಕು.

ಜಮಖಂಡಿ ಟೀಚರ್: "ಬಿಳಿ ದಾರ" ಅಂದಿರಲ್ಲ, ಅದು ಹೆಚ್ಚಾಗಿ ಎಲೆ ಕೊಳೆಸುವ ಬೂಷ್ಟು ರೀ. ಪಶ್ಚಿಮ ಘಟ್ಟದ ಹೆಚ್ಚಿನ ಗಿಡಗಳ ಜೊತೆಗಾರ ಬೂಷ್ಟು ಬೇರಿನ ಒಳಗೆ ಹೊಕ್ಕು ಬೆಳೆಯುತ್ತದೆ, ಬರಿಗಣ್ಣಿಗೆ ಕಾಣಲ್ಲ. ಇನ್ನು ಆ ಪ್ರಯೋಗ. ಜೊತೆಗೆ ನೆಟ್ಟಿದ್ದ ಸೀಡರ್ ಸಸಿ, ಬರ್ಚ್ ಮತ್ತು ಫರ್ ಬೇರು ಜೋಡಿಸುವ ಬೂಷ್ಟಿನ ಜಾಲಕ್ಕೆ ಸೇರಿದ್ದಲ್ಲ. ಅದಕ್ಕೂ ಸ್ವಲ್ಪ ಇಂಗಾಲ ಸಿಕ್ಕಿತ್ತು. ಅಂದರೆ ಮಣ್ಣಿನ ಮೂಲಕವೂ ಹೋಗುತ್ತದೆ.

ಖಾನಾಪುರದವ: "ಸ್ವಲ್ಪ" ಅಂತ ನೀವೇ ಹೇಳಿದಿರಿ. ಫರ್‌ಗೆ ಸಿಕ್ಕಿದ್ದು ಅದಕ್ಕಿಂತ ಜಾಸ್ತಿ, ಅಲ್ವಾ?

ಇಂಡಿ ರೈತ: "ಕೊಡುತ್ತದೆ" ಅನ್ನೋ ಮಾತೇ ತಪ್ಪು. ನಾನು ಶ್ರೀಗಂಧ ಹಾಕಿ ಮೂರು ವರ್ಷ ಆಯಿತು. ಮಧ್ಯೆ ತೊಗರಿ. ಬೇರು ಅಗೆದು ನೋಡಿದ್ದೇನೆ, ಗಂಧದ ಬೇರು ತೊಗರಿ ಬೇರಿಗೆ ಗುಂಡಿ ಹಚ್ಚಿದ ಹಾಗೆ ಕಚ್ಚಿಕೊಂಡಿತ್ತು. ನೀರು, ಲವಣ ಎಲ್ಲ ಹೀರುತ್ತದೆ. ಪಕ್ಕದ ಎರಡು ಸಾಲು ಕಾಯಿ ಕಟ್ಟಲೇ ಇಲ್ಲ. ಇದು ಕಳ್ಳತನ.

ನವನಗರ: ಕಳ್ಳತನವಾ? ಗಂಧದ ಎಲೆ ಹಸಿರು ಇರುತ್ತದೆ ಸಾಹೇಬ್ರೇ. ಬಿಸಿಲಲ್ಲಿ ತನ್ನ ಆಹಾರ ತಾನೇ ಮಾಡಿಕೊಳ್ಳುತ್ತದೆ. ಅರ್ಧ ಮಾತ್ರ ಪರಾವಲಂಬಿ. ನರ್ಸರಿಯವರು ಸಸಿ ಚೀಲದಲ್ಲೇ ತೊಗರಿ ಹಾಕಿ ಕೊಡೋದು ಯಾಕೆ ಮತ್ತೆ?

ಇಂಡಿ ರೈತ: ಅರ್ಧ ಕದ್ದರೂ ಕಳ್ಳನೇ. ತೊಗರಿಗೆ ಏನು ಬಂತು ಹೇಳ್ರಿ.

ನವನಗರ: ನಿಮ್ಮ ತೊಗರಿಗೆ ನೆಟೆ ರೋಗ ಬಂದಿರಬೇಕು. ಸುಮ್ನೆ ಗಂಧದ ಮೇಲೆ ಹಾಕಬೇಡಿ.

ಇಂಡಿ ರೈತ: ನೆಟೆ ನನಗೆ ಗೊತ್ತಿಲ್ಲವಾ? ಮೂವತ್ತು ವರ್ಷ ತೊಗರಿ ಬೆಳೆದಿದ್ದೇನೆ! ನೆಟೆ ಬಂದರೆ ಗಿಡ ಒಣಗುತ್ತದೆ, ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ. ನನ್ನ ಗಿಡ ಹಸಿರೇ ಇತ್ತು, ಕಾಯಿ ಇರಲಿಲ್ಲ. ಹೊಲಕ್ಕೆ ಬಂದು ನೋಡ್ರಿ, ಆಮೇಲೆ ಮಾತಾಡ್ರಿ.

ನವನಗರ: ಹಾಗಾದರೆ ಹೂ ಬಿಡುವಾಗ ತೇವ ಕಡಿಮೆ ಆಗಿದೆ.

ಇಂಡಿ ರೈತ: ತೇವ ಕುಡಿದದ್ದು ಯಾರು? ಅದನ್ನೇ ಹೇಳ್ತಾ ಇದ್ದೇನೆ!

ಬೈಲಹೊಂಗಲ ಅಕ್ಕ: ಜಗಳ ಬಿಡ್ರಿ ಅಣ್ಣಾವ್ರೇ. ನಮ್ಮ ಕಡೆ ಸೋಯಾ ಜಾಸ್ತಿ, ಅದನ್ನೇ ನೋಡಿ. ಬೇರಿನ ಗಂಟಿನಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯಿಂದ ಸಾರಜನಕ ಹಿಡಿದು ಕೊಡುತ್ತದೆ, ಸೋಯಾ ಸಕ್ಕರೆ ಕೊಡುತ್ತದೆ. ಸಾರಜನಕ ಕೊಡದ ಗಂಟಿಗೆ ಗಿಡ ಆಮ್ಲಜನಕ ಕಡಿಮೆ ಮಾಡುತ್ತದೆ ಅಂತ 2003ರ ಸಂಶೋಧನೆ ಇದೆ. ಮುಯ್ಯಾಳಿನಲ್ಲೂ ಅಷ್ಟೇ. ನಮ್ಮ ಹೊಲಕ್ಕೆ ಬರದೇ ಇದ್ದವರ ಹೊಲಕ್ಕೆ ನಾವೂ ಹೋಗುತ್ತಿರಲಿಲ್ಲ.

ಖಾನಾಪುರದವ: "ಹೋಗುತ್ತಿರಲಿಲ್ಲ" ಅನ್ನಬೇಡಿ ಅಕ್ಕಾ. ನಮ್ಮ ಅಪ್ಪ ಮಲಗಿದ್ದ ವರ್ಷ ಓಣಿಯವರೇ ಬಂದು ಭತ್ತ ನಾಟಿ ಮಾಡಿದರು. ತಿರುಗಿ ಕೇಳಲಿಲ್ಲ. ಕಾಡಿನ ತಾಯಿಮರವೂ ಹಾಗೆ ತನ್ನ ಸಸಿ ಸಾಕುತ್ತದೆ.

ಜಮಖಂಡಿ ಟೀಚರ್: ತಾಯಿಮರದ ಮಾತಿಗೆ ಕಾಡಿನಲ್ಲಿ ಗಟ್ಟಿ ಪುರಾವೆ ಇಲ್ಲ ಅಂತ 2023ರಲ್ಲಿ ಮೂವರು ವಿಜ್ಞಾನಿಗಳು ಬರೆದರು. ಅವರಲ್ಲಿ ಮೆಲನಿ ಜೋನ್ಸ್ ಒಬ್ಬರು. ನೀವು ಮೊದಲು ಹೇಳಿದ 1997ರ ಪ್ರಬಂಧದಲ್ಲೂ ಅವರ ಹೆಸರಿದೆ.

ಖಾನಾಪುರದವ: ಪುರಾವೆ ಇಲ್ಲ ಅಂದರೆ ಸುಳ್ಳು ಅಂತ ಅಲ್ಲ ಸರ್. ನಾಟಿ ಮಾಡಿದ್ದು ನಿಜ.

ಇಂಡಿ ರೈತ: ನನ್ನ ಎರಡು ಸಾಲಿಗೆ ಯಾರೂ ಉತ್ತರ ಕೊಡಲಿಲ್ಲ. ನಾಳೆ ಬೇರು ಅಗೆದು ಫೋಟೋ ಹಾಕುತ್ತೇನೆ.

ನವನಗರ: ಹಾಕ್ರಿ. ತೊಗರಿಯ ಗಂಟೂ ಕಾಣೋ ಹಾಗೆ ಹಾಕ್ರಿ.