ಹಳೇ ಮನೆ ಬಾಡಿಗೆ ಕರಾರಿಗೆ ಪದ ಬೇಕು, 'ನಿರ್ವಹಣೆ' ಸಾಲ್ತಿಲ್ಲ (ಅರ್ಜೆಂಟ್)

ಎಲ್ಲರಿಗೂ ನಮಸ್ಕಾರ. ಬಾಡಿಗೆ ಕರಾರೊಂದನ್ನ ಇಂಗ್ಲಿಷಿಂದ ಕನ್ನಡಕ್ಕೆ ತರ್ತಿದೀನಿ, ನಾಳೆ ಬೆಳಿಗ್ಗೆ ಸಹಿ. ಮನೆ ತುಂಬ ಹಳೇದು, ಪಾರಂಪರಿಕ ಕಟ್ಟಡ, ಸುತ್ತ ತೋಟ, ಬಾವಿ, ಕಾಂಪೌಂಡು ಎಲ್ಲ ಸೇರಿದೆ. ಮೂಲದಲ್ಲಿ ಬಾಡಿಗೆದಾರರು ಮಾಡೋ ಮೇಂಟೆನೆನ್ಸ್ ಬೇರೆ, ಮಾಲೀಕರು ಮಾಡಿಸೋ ರಿಪೇರಿ ಬೇರೆ. ಎರಡಕ್ಕೂ 'ನಿರ್ವಹಣೆ' ಅಂತ ಬರೆದ್ರೆ ನಾಳೆ ಸೂರು ಸೋರಿದಾಗ ದುಡ್ಡು ಯಾರು ಹಾಕ್ಬೇಕು ಅಂತ ಜಗಳ ಗ್ಯಾರಂಟಿ. ವೇರ್ ಅಂಡ್ ಟೇರ್‌ಗೆ ಏನನ್ನಲಿ? ಗ್ರೌಂಡ್ಸ್‌ಗೆ 'ಮೈದಾನ' ಅಂತೂ ಆಗಲ್ಲ.

---

ಕರಾರು ಅರಬ್ಬಿ, ಮಾಲೀಕ ಅರಬ್ಬಿ, ನಿರ್ವಹಣೆ ಸಂಸ್ಕೃತ, ರಿಪೇರಿ ಇಂಗ್ಲಿಷು. ಇದರಲ್ಲಿ ಕನ್ನಡ ಎಲ್ಲಿದೆ ಸ್ವಾಮಿ? ಮೇಂಟೆನೆನ್ಸಿಗೆ 'ಆರೈಕೆ', ರಿಪೇರಿಗೆ 'ಸರಿಪಡಿಕೆ', ಮಾಲೀಕರಿಗೆ 'ಮನೆಯೊಡೆಯ'. ಮುಗೀತು.

---

> ಮೇಂಟೆನೆನ್ಸಿಗೆ 'ಆರೈಕೆ'

ಆರೈಕೆ ಬಾಣಂತಿಗೆ ಮಾಡ್ತಾರೆ, ಗೋಡೆಗಲ್ಲ. 'ದುರಸ್ತಿ' ಅನ್ನೋ ಒಳ್ಳೇ ಪದ ಇರೋವಾಗ ಸರಿಪಡಿಕೆ ಯಾಕೆ? ಅದೂ ನಮ್ಮದೇ, 'ದುಃಸ್ಥಿತಿ'ಯಿಂದ ಬಂದಿದ್ದು. ಕೆಟ್ಟ ಸ್ಥಿತಿಯನ್ನ ಸರಿ ಮಾಡೋದು ಅಂತ.

---

ಪಾರ್ಸಿಯಲ್ಲಿ 'ದುರುಸ್ತ್' ಅಂದ್ರೆ ಸರಿಯಾಗಿರೋದು. ದುಃಸ್ಥಿತಿಗೂ ಇದಕ್ಕೂ ಸಂಬಂಧ ಇಲ್ಲ.

ಹಳೇ ಮನೆ ಅಂದಮೇಲೆ ಹಳೇ ಪದಾನೂ ನೋಡಿ. ನಮ್ಮ ಶಾಸನಗಳಲ್ಲಿ ದೇವಾಲಯಕ್ಕೆ ದತ್ತಿ ಬಿಡೋವಾಗ 'ಖಂಡಸ್ಫುಟಿತ ಜೀರ್ಣೋದ್ಧಾರ'ಕ್ಕೆ ಅಂತ ಪದೇ ಪದೇ ಬರತ್ತೆ. ಖಂಡ ಅಂದ್ರೆ ಮುರಿದದ್ದು, ಸ್ಫುಟಿತ ಅಂದ್ರೆ ಬಿರುಕು ಬಿಟ್ಟಿದ್ದು, ಜೀರ್ಣ ಅಂದ್ರೆ ಸವೆದು ಹಳತಾಗಿದ್ದು. ನಿಮ್ಮ ವೇರ್ ಅಂಡ್ ಟೇರ್ ಪೂರ್ತಿ ಅದರೊಳಗಿದೆ, ಕಲ್ಲಿನ ಮೇಲೆ ಕೆತ್ತಿಟ್ಟಿದಾರೆ, ನಾವು ಡಿಕ್ಷನರಿ ಹುಡುಕ್ತಾ ಕೂತಿದೀವಿ.

---

ಗುರುಗಳೇ, ಬಾಡಿಗೆದಾರ 'ಖಂಡಸ್ಫುಟಿತ' ಓದಿ ಸಹಿ ಹಾಕ್ತಾನಾ? ಪೂಜೆ ಮಾಡಿಸ್ಬೇಕೇನೋ ಅಂದ್ಕೋತಾನೆ.

ಕೇಳಿದೋರ ಪ್ರಶ್ನೆಗೆ ಯಾರೂ ಬಂದಿಲ್ಲ. ಪಾರಂಪರಿಕ ಕಟ್ಟಡದೋರು ಈ ಎರಡರ ಗೆರೆಯನ್ನ ಎಲ್ಲಿ ಎಳೀತಾರೆ ನೋಡಿ. ಆಸ್ಟ್ರೇಲಿಯಾದ ಬರ್ರಾ ಚಾರ್ಟರ್ ಅಂತ ಪಾರಂಪರಿಕ ಜಾಗಗಳನ್ನ ಕಾಪಾಡೋಕೆ ಮಾಡಿದ ಮಾರ್ಗಸೂಚಿ ಇದೆ, 1979ರದ್ದು, ಆಮೇಲೆ ತಿದ್ದಿದಾರೆ, ಅದರ ಪ್ರಕಾರ ಮೇಂಟೆನೆನ್ಸ್ ಅಂದ್ರೆ ಕಟ್ಟಡಕ್ಕೂ ಸುತ್ತಲ ಜಾಗಕ್ಕೂ ಬಿಡದೆ ಮಾಡೋ ಕಾಳಜಿ. ಸೂರಿನ ನೀರಿನ ದೋಣೀನ ಆಗಾಗ ನೋಡಿ ಕಸ ತೆಗೆಯೋದು ಮೇಂಟೆನೆನ್ಸ್, ಕಳಚಿದ ದೋಣೀನ ವಾಪಸ್ ಕೂರಿಸೋದು, ಕೊಳೆತಿದ್ದನ್ನ ಬದಲಾಯಿಸೋದು ರಿಪೇರಿ. ಅಂದ್ಮೇಲೆ 'ಆರೈಕೆ' ಅಷ್ಟೊಂದು ಕೆಟ್ಟದ್ದಲ್ಲ, ಪಕ್ಕದಲ್ಲಿ 'ದುರಸ್ತಿ' ಇಡಿ, ಎರಡಕ್ಕೂ ಒಂದೊಂದು ಉದಾಹರಣೆ ಬರೀರಿ, ಪದ ಸ್ವಲ್ಪ ಆಚೀಚೆ ಆದ್ರೂ ಉದಾಹರಣೆ ಕಾಯತ್ತೆ. ವೇರ್ ಅಂಡ್ ಟೇರ್‌ಗೆ 'ಬಳಕೆಯ ಸವೆತ'. 'ಸವಕಳಿ' ಬೇಡ, ಅದನ್ನ ಲೆಕ್ಕಪತ್ರದೋರು ಹಿಡ್ಕೊಂಡಿದಾರೆ. ಗ್ರೌಂಡ್ಸ್‌ಗೆ 'ಆವರಣ'.

ಮತ್ತೆ ಬರೀ 'ಗಾರೆ' ಅಂತ ಬರೀಬೇಡಿ, 'ಸುಣ್ಣದ ಗಾರೆ' ಅನ್ನಿ. ಈಗ ಸಿಮೆಂಟಿಗೂ ಗಾರೇನೇ ಅಂತಾರೆ. ಹಳೇ ಗೋಡೆಗೆ ಸಿಮೆಂಟ್ ಮೆತ್ತಿದ್ರೆ ತೇವ ಹೊರಗೆ ಹೋಗಲ್ಲ, ಒಳಗಿನ ಇಟ್ಟಿಗೆ ಪುಡಿ ಆಗತ್ತೆ.

---

'ಆವರಣ' ಸಂಸ್ಕೃತ. ಅಂಗಳ, ಹಿತ್ತಿಲು ಏನಾಯ್ತು?

---

ಬಾವಿ ಅಂಗಳದಲ್ಲೂ ಇಲ್ಲ ಹಿತ್ತಿಲಲ್ಲೂ ಇಲ್ಲ, ಪಕ್ಕದಲ್ಲಿದ್ರೆ? ಕರಾರಿಂದ ಆಚೆನಾ? ಎರವಲು ಪದ ಕಂಡ್ರೆ ಇಷ್ಟು ಉರಿಯೋದಾದ್ರೆ 'ಬಾವಿ'ನೂ ಬಿಡಿ, ಸಂಸ್ಕೃತದ 'ವಾಪಿ' ಅದು.

---

ಸಾವಿರ ವರ್ಷದ ಹಿಂದೆ ಬಂದಿದ್ದೂ ನಿನ್ನೆ ಬಂದಿದ್ದೂ ಒಂದೇನಾ? ಇದಕ್ಕೆ ಬೇರೆ ಎಳೆ ಶುರು ಮಾಡ್ತೀನಿ.

---

ಬೇಡ ಸಾರ್, ದಯವಿಟ್ಟು.

---

ಥ್ಯಾಂಕ್ಸ್ ಎಲ್ಲರಿಗೂ. 'ಆರೈಕೆ', 'ದುರಸ್ತಿ', 'ಬಳಕೆಯ ಸವೆತ', 'ತೋಟ ಬಾವಿ ಸಮೇತ ಆವರಣ' ಹಾಕಿದೀನಿ, ದೋಣಿ ಉದಾಹರಣೇನೂ ಸೇರಿಸಿದೀನಿ. 'ಮನೆಯೊಡೆಯ' ಬಿಟ್ಟೆ, ಮಾಲೀಕರು ಹೆಂಗಸು.

---

'ಒಡತಿ' ಇದೆಯಲ್ಲ!