ಪದಚರ್ಚೆ: ಹಳೇ ಕಾರನ್ನು 'ರೆಸ್ಟೋರ್' ಮಾಡುವುದಕ್ಕೆ ನಮ್ಮ ಮಾತು ಯಾವುದು?

ಎಲ್ಲರಿಗೂ ನಮಸ್ಕಾರ.

ಒಂದು ನೋಟ್‌ಬುಕ್ಕಿನ ರಟ್ಟಿನ ಮೇಲೆ ಬರೆಯಲು ಒಂದು ಪದ ಬೇಕಾಗಿದೆ. ಮೂರು ತಿಂಗಳಿಂದ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನನ್ನ ತಂಗಿ ಮಗಳಿಗೆ 22 ವರ್ಷ. ಡಿಪ್ಲೊಮಾ ಮುಗಿಸಿದ್ದಾಳೆ. ತೀರ್ಥಹಳ್ಳಿ ಹತ್ತಿರದ ನಮ್ಮ ತವರುಮನೆಯ ಕೊಟ್ಟಿಗೆಯಲ್ಲಿ ಅವಳ ಅಜ್ಜನ, ಅಂದರೆ ನಮ್ಮಪ್ಪನ ಫಿಯೆಟ್ ಇತ್ತು. 1100 ಡಿಲೈಟ್, 1970ರಲ್ಲಿ ನೋಂದಣಿಯಾದದ್ದು. 1998ರಲ್ಲಿ ನಿಂತ ಗಾಡಿ ಮತ್ತೆ ಹೊರಟಿರಲಿಲ್ಲ. ಅದರ ಮೇಲೆ ಅಡಿಕೆ ಹಾಳೆ, ಗೋಣಿಚೀಲ, ಮುರಿದ ಏಣಿ, ಏನೇನೋ ಪೇರಿಸಿದ್ದೆವು. ಹೋದ ದೀಪಾವಳಿಗೆ ಬಂದವಳು ಅದನ್ನೆಲ್ಲ ಒಂದೊಂದಾಗಿ ಕೆಳಗಿಳಿಸಿದಳು. ಬಾಗಿಲು ಎಳೆದು ತೆಗೆದು ಸ್ಟೇರಿಂಗ್ ಮುಂದೆ ಕೂತಳು. "ದೊಡ್ಡಮ್ಮ, ಇದನ್ನ ನಾನು ಮಾಡ್ತೀನಿ" ಅಂದಳು.

"ಏನು ಮಾಡ್ತೀಯ?"

"ರೆಸ್ಟೋರ್."

ಈಗ ಆ ಕಾರು ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿದೆ. ಹಳೇ ಮೇಸ್ತ್ರಿಯೊಬ್ಬರು ತಮ್ಮ ಶೆಡ್ಡಿನ ಒಂದು ಮೂಲೆ ಬಿಟ್ಟುಕೊಟ್ಟಿದ್ದಾರೆ. (ಮೇಸ್ತ್ರಿ ಪೋರ್ಚುಗೀಸರ 'ಮೆಸ್ತ್ರೆ'ಯಿಂದ ಬಂದದ್ದು. ಗಾರೆಯವರಿಗೂ ಅದೇ, ಗ್ಯಾರೇಜಿನವರಿಗೂ ಅದೇ.) ಹುಡುಗಿ ದಿನಾ ಮಾಡಿದ ಕೆಲಸವನ್ನು ಕನ್ನಡದಲ್ಲಿ ಬರೆದಿಡುತ್ತಾಳೆ. ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವಳು, ಹಾಗಾಗಿ ಅದನ್ನು ತಿದ್ದುವ ಕೆಲಸ ನನ್ನದು. ರಟ್ಟಿನ ಮೇಲೆ 'ಅಜ್ಜನ ಫಿಯೆಟ್' ಅಂತ ಬರೆದು ಪಕ್ಕದಲ್ಲಿ ಒಂದು ಪದದಷ್ಟು ಜಾಗ ಖಾಲಿ ಬಿಟ್ಟಿದ್ದಾಳೆ. ಆ ಜಾಗದ ಸಲುವಾಗಿಯೇ ಈ ಪತ್ರ.

ಮೊದಲು ನಾನು 'ರಿಪೇರಿ' ಅಂದೆ. ಅವಳು ಒಪ್ಪಲಿಲ್ಲ. ರಿಪೇರಿ ಅಂದರೆ ಗಾಡಿ ಓಡುವ ಹಾಗೆ ಮಾಡುವುದು, ಅಷ್ಟೇ. ಈ ಫಿಯೆಟ್ಟಿಗೆ ಬೇರೆ ಯಾವುದೋ ಗಾಡಿಯ ಕಾರ್ಬೊರೇಟರ್ ಕೂರಿಸಿದರೂ ಓಡುತ್ತದೆ. ಆಗ ರಿಪೇರಿ ಆಯಿತು ಅನ್ನಬಹುದು. ಆದರೆ ಅವಳಿಗೆ ಬೇಕಾಗಿರುವುದು ಅದಲ್ಲ. 1970ರಲ್ಲಿ ಇದಕ್ಕೆ ಏನಿತ್ತೋ ಅದೇ ಇರಬೇಕು. ಅವಳ ಮಾತು ಸರಿ.

'ದುರಸ್ತಿ'ಯ ಕಥೆಯೂ ಅಷ್ಟೇ. ಪಾರಸಿಯ 'ದುರುಸ್ತ್' ಅಂದರೆ ಸರಿಯಾದದ್ದು. ಸರಿ ಮಾಡುವುದು ದುರಸ್ತಿ. ಮಾತೇನೋ ಚೆನ್ನಾಗಿದೆ, ಆದರೆ ನಮ್ಮ ಕಡೆ ದುರಸ್ತಿ ಅಂದರೆ ರಸ್ತೆ, ಪಂಪ್‌ಸೆಟ್, ಇಲ್ಲವೇ ಜಮೀನಿನ ಪೋಡಿ ದುರಸ್ತಿ. 'ಹಿಂದೆ ಇದ್ದ ಹಾಗೆ' ಅನ್ನುವ ಅರ್ಥ ಅದರಲ್ಲೂ ಇಲ್ಲ.

ಇಲ್ಲಿ 'ತೇಪೆ' ಅನ್ನುವ ಮಾತನ್ನು ನೆನೆಯಲೇಬೇಕು. ಅವಳು ತಿಳಿಯದೆಯೇ ನನಗೆ ಈ ಪದದ ಅರ್ಥ ತೋರಿಸಿಕೊಟ್ಟಳು. ಒಂದು ಸಣ್ಣ ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ, ಅದನ್ನು ಬಾಡಿಯ ಮೇಲೆ ಮೆಲ್ಲಗೆ ಎಳೆಯುತ್ತಾ ಹೋದಳು. ಬಾನೆಟ್ ಮೇಲೆ ಗಟ್ಟಿಯಾಗಿ ಹಿಡಿಯಿತು. ಬಾಗಿಲ ಮೇಲ್ಭಾಗದಲ್ಲೂ ಹಿಡಿಯಿತು. ಬಾಗಿಲ ಕೆಳಗಿನ ಅಂಚಿಗೆ ಬಂದಾಗ ಕೈಯಿಂದ ಜಾರಿ ಕೆಳಗೆ ಬಿತ್ತು. ಅಲ್ಲಿ ತಗಡೇ ಇರಲಿಲ್ಲ, ಬರೀ ಪಟ್ಟಿ, ಅಂದರೆ ಬಣ್ಣ ಹೊಡೆಯುವ ಮುಂಚೆ ತಗ್ಗು ತುಂಬಲು ಮೆತ್ತುವ ಲೇಪ. ತೊಂಬತ್ತರ ದಶಕದಲ್ಲಿ ಅಪ್ಪ ಒಂದು ಗ್ಯಾರೇಜಿಗೆ ಕೊಟ್ಟು ಟಿಂಕರಿಂಗ್, ಪೇಂಟಿಂಗ್ ಮಾಡಿಸಿದ್ದರು. ತುಕ್ಕು ಹಿಡಿದ ತಗಡನ್ನು ಕತ್ತರಿಸಿ ತೆಗೆಯದೆ, ಅದರ ಮೇಲೆಯೇ ಬೆರಳು ದಪ್ಪ ಪಟ್ಟಿ ಮೆತ್ತಿ ಬಣ್ಣ ಹೊಡೆದು ಕಳಿಸಿದ್ದರು. ಹೊಳೆಯುವ ಗಾಡಿ ನೋಡಿ ಅಪ್ಪ ಎಷ್ಟು ಖುಷಿಪಟ್ಟಿದ್ದರು ಅನ್ನುವುದು ನನಗೆ ಈಗಲೂ ನೆನಪಿದೆ. ಒಳಗೆ ತುಕ್ಕು ತಿನ್ನುತ್ತಲೇ ಇತ್ತು. ಬಾಗಿಲ ಅಡಿಯಲ್ಲಿ ನೀರು ಹರಿದುಹೋಗಲು ಸಣ್ಣ ತೂತುಗಳಿರುತ್ತವೆ. ಅವು ಕಸ ಸೇರಿ ಮುಚ್ಚಿಹೋಗಿದ್ದವು. ಮಲೆನಾಡಿನ ಮಳೆ ನೀರು ಒಳಗೇ ನಿಂತು ಕೆಳಗಿನ ತಗಡನ್ನು ಮುಗಿಸಿಬಿಟ್ಟಿತ್ತು. ಈ ಕಾರಿಗೆ ಲಾರಿಯ ಹಾಗೆ ಚಾಸಿ (ಅಡಿಯ ಚೌಕಟ್ಟು) ಬೇರೆ, ಬಾಡಿ ಬೇರೆ ಅಲ್ಲ. ಬಾಡಿಯೇ ಭಾರ ಹೊರಬೇಕು. ಹಾಗಾಗಿ ತುಕ್ಕು ಬಾಗಿಲನ್ನು ದಾಟಿ ಬಾಡಿಯ ಅಡಿಯ ತಗಡನ್ನೂ ತಿಂದರೆ ಗಾಡಿಯ ಬೆನ್ನೆಲುಬೇ ಹೋದ ಹಾಗೆ.

ನಮ್ಮಮ್ಮ ಜಂಗು ಅನ್ನುತ್ತಾರೆ, ನಾನು ತುಕ್ಕು ಅನ್ನುತ್ತೇನೆ. ತಾಮ್ರ, ಹಿತ್ತಾಳೆಗೆ ಬರುವುದು ಕಿಲುಬು. ಹುಡುಗಿಯ ಪುಸ್ತಕದಲ್ಲಿ ಎಲ್ಲಕ್ಕೂ ತುಕ್ಕು ಅಂತಿತ್ತು. ವೈರಿನ ತುದಿಯ ತಾಮ್ರ ಹಸಿರಾಗಿದ್ದ ಕಡೆ ನಾನು ಕಿಲುಬು ಅಂತ ತಿದ್ದಿದೆ. "ಇದಕ್ಕೆ ಬೇರೆ ಪದ ಇದ್ಯಾ?" ಅಂತ ಅವಳಿಗೆ ಆಶ್ಚರ್ಯ. ಹುಣಸೆಹಣ್ಣು ಹಾಕಿ ಚೊಂಬು ಬೆಳಗಿದವರಿಗೆ ಮಾತ್ರ ಗೊತ್ತಿರುವ ಪದವಾಗಿಬಿಟ್ಟಿದೆ ಅದು.

ಈಗ 'ಜೀರ್ಣೋದ್ಧಾರ'ಕ್ಕೆ ಬರುತ್ತೇನೆ. ನನ್ನ ಮನಸ್ಸು ಬಹಳ ದಿನ ಇದರ ಮೇಲೆಯೇ ಇತ್ತು. ನಮ್ಮ ಶಾಸನಗಳಲ್ಲಿ ದೇವಸ್ಥಾನಕ್ಕೆ ಭೂಮಿ ಬಿಡುವಾಗ 'ಖಂಡಸ್ಫುಟಿತ ಜೀರ್ಣೋದ್ಧಾರ'ಕ್ಕೆ ಅಂತ ಮತ್ತೆ ಮತ್ತೆ ಬರುತ್ತದೆ. ಚಾಲುಕ್ಯರ ಕಾಲದ್ದಿರಲಿ, ಹೊಯ್ಸಳರದ್ದಿರಲಿ, ಶಾಸನ ಓದಿದವರಿಗೆ ಇದು ಪರಿಚಿತ. ಖಂಡ ಅಂದರೆ ಮುರಿದದ್ದು, ಸ್ಫುಟಿತ ಅಂದರೆ ಒಡೆದು ಬಿರಿದದ್ದು, ಜೀರ್ಣ ಅಂದರೆ ಸವೆದು ಹಳತಾದದ್ದು. ಹಾಳಾಗುವುದರಲ್ಲೇ ಮೂರು ಬಗೆ ಇದೆ ಅಂತ ಅವರು ಗುರುತಿಸಿದ್ದರು ನೋಡಿ. ಈ ಕಾರಿನಲ್ಲಿ ಮೂರೂ ಇವೆ. ಹಿಂದಿನ ಬಂಪರ್ ಮುರಿದಿದೆ, ಒಂದು ಲೈಟಿನ ಗಾಜು ಬಿರಿದಿದೆ, ರಬ್ಬರ್ ಎಲ್ಲ ಜೀರ್ಣವಾಗಿ ಕೈಯಲ್ಲಿ ಪುಡಿಯಾಗುತ್ತದೆ. ಇನ್ನೊಂದು ಕಡೆ ನಾವು ಊಟ ಜೀರ್ಣವಾಯಿತು ಅನ್ನುತ್ತೇವೆ. ಎರಡೂ ಒಂದೇ ಪದ. ಈ ಬಾಗಿಲ ತಗಡನ್ನು ನೋಡಿದರೆ ತುಕ್ಕು ಅದನ್ನು ತಿಂದು ಜೀರ್ಣಿಸಿಕೊಂಡಿದೆ ಅಂತಲೇ ಅನ್ನಿಸುತ್ತದೆ. ಉದ್ಧಾರ ಅಂದರೆ ಮೇಲೆತ್ತುವುದು. ಸವೆದು ಬಿದ್ದದ್ದನ್ನು ಮೇಲೆತ್ತುವುದು ಜೀರ್ಣೋದ್ಧಾರ. ಇದಕ್ಕಿಂತ ಸರಿಯಾದ ಪದ ಎಲ್ಲಿದೆ ಅಂದುಕೊಂಡೆ.

ಅವಳಿಗೆ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ ಅಂದಳು: "ಆದ್ರೆ ದೊಡ್ಡಮ್ಮ, ನಮ್ಮೂರ ದೇವಸ್ಥಾನದ ಜೀರ್ಣೋದ್ಧಾರ ಆದಾಗ ಹಳೇ ಮರದ ಕಂಬ ತೆಗೆದು ಗ್ರಾನೈಟ್ ಹಾಕಿದ್ರಲ್ವಾ? ಅದು ಹೊಸದು ಮಾಡಿದ್ದು." ಉತ್ತರ ಕೊಡಲು ನನಗೆ ಆಗಲಿಲ್ಲ. ಶಾಸನದಲ್ಲಿ ಪದದ ಅರ್ಥ ಏನಿದ್ದರೂ, ಇವತ್ತು ಕಿವಿಗೆ ಬೀಳುವ ಅರ್ಥ ಬೇರೆಯೇ ಆಗಿದೆ. ಜೊತೆಗೆ ಆ ಪದ ಗುಡಿಯನ್ನು ಬಿಟ್ಟು ಗ್ಯಾರೇಜಿಗೆ ಬರಲು ಒಪ್ಪುತ್ತಲೂ ಇಲ್ಲ. ಮೇಸ್ತ್ರಿ ಎದುರು ಒಮ್ಮೆ ಹೇಳಿ ನೋಡಿದೆ. ಅವರು ನನ್ನ ಮುಖ ನೋಡಿ ಸುಮ್ನೆ ತಲೆ ಆಡಿಸಿದರು.

'ಪುನಶ್ಚೇತನ' ಕೆರೆಗಳಿಗೆ ಸೇರಿಹೋಗಿದೆ. 'ಪುನಃಸ್ಥಾಪಿಸು' ಕಂಪ್ಯೂಟರಿನದು. ಎರಡೂ ಈ ಕೆಲಸಕ್ಕೆ ಕೂರುವುದಿಲ್ಲ.

ಹಾಗಾದರೆ ಗ್ಯಾರೇಜಿನವರು ಏನು ಹೇಳುತ್ತಾರೆ? ಇದನ್ನು ನಾನು ಅಲ್ಲೇ ಕೂತು ಕೇಳಿಸಿಕೊಂಡೆ. ಕಾರು ಬಂದಾಗ ಇಂಜಿನ್ ಜಾಮ್ ಆಗಿತ್ತು. ನಾಲ್ಕೂ ಪ್ಲಗ್ ಬಿಚ್ಚಿ, ತೂತಿನೊಳಗೆ ಡೀಸೆಲ್ಲಿಗೆ ಇಂಜಿನ್ ಆಯಿಲ್ ಬೆರೆಸಿ ಸುರಿದು ಬಿಟ್ಟರು. ದಿನಾ ಸಂಜೆ ಇಷ್ಟಿಷ್ಟು ಸುರಿಯುವುದು, ಮುಂದಿನ ಪುಲ್ಲಿಯ ನಟ್ಟಿಗೆ ದೊಡ್ಡ ಸ್ಪ್ಯಾನರ್ ಹಾಕಿ ಮೆಲ್ಲಗೆ ಒತ್ತಿ ನೋಡುವುದು. ಜೋರು ಮಾಡಬಾರದು, ಮಾಡಿದರೆ ಒಳಗೆ ಏನಾದರೂ ಮುರಿಯುತ್ತದೆ. ಏಳು ದಿನ ಕಲ್ಲಿನ ಹಾಗೆ ಕೂತಿತ್ತು. ಎಂಟನೇ ದಿನ ಸ್ಪ್ಯಾನರ್ ಒಂದು ಕೂದಲೆಳೆಯಷ್ಟು ಸರಿಯಿತು. ಹುಡುಗಿ ಉಸಿರು ಬಿಗಿಹಿಡಿದು ನಿಂತಿದ್ದಳು. ಮೇಸ್ತ್ರಿ ಅಂದರು: "ಮಿಸುಕ್ತು ಕಣಮ್ಮ. ಜೀವ ಐತೆ. ಇನ್ನು ಬಿಚ್ಚಿ ಕಟ್ಟಬಹುದು."

ಮಿಸುಕು! ಹೊಟ್ಟೆಯಲ್ಲಿನ ಕೂಸು ಮಿಸುಕುವುದು, ನಿದ್ದೆಯಲ್ಲಿ ಮಗು ಮಿಸುಕುವುದು. ನನ್ನ ಕರಡುಗಳಲ್ಲಿ ಈ ಪದ ಕಂಡು ಎಷ್ಟು ಕಾಲವಾಯಿತೋ. ಒಂದು ಗ್ಯಾರೇಜಿನಲ್ಲಿ, ಗ್ರೀಸ್ ಮೆತ್ತಿದ ಕೈಯ ಮನುಷ್ಯನ ಬಾಯಲ್ಲಿ, ಅಷ್ಟು ಸರಿಯಾದ ಹೊತ್ತಿಗೆ ಬಂತು.

ಮತ್ತೆ ಆ ಇನ್ನೊಂದು ಮಾತು, 'ಬಿಚ್ಚಿ ಕಟ್ಟು'. ಅಲ್ಲಿ ಎಲ್ಲರೂ ಹೇಳುವುದು ಇದನ್ನೇ. ಇಂಜಿನ್ ಕಟ್ಟಿದೆ, ಗೇರ್‌ಬಾಕ್ಸ್ ಕಟ್ಟಬೇಕು, ಬಸ್ಸಿನ ಬಾಡಿ ಕಟ್ಟುವವರು ಪಕ್ಕದ ಸಾಲಿನಲ್ಲಿದ್ದಾರೆ. ನಾವು ಮನೆ ಕಟ್ಟುತ್ತೇವೆ, ಹೂ ಕಟ್ಟುತ್ತೇವೆ, ಹಾಡು ಕಟ್ಟುತ್ತೇವೆ. ಬಿಡಿಬಿಡಿಯಾದದ್ದನ್ನು ಅದರದರ ಜಾಗಕ್ಕೆ ತಂದು ಒಂದು ಮಾಡುವುದೆಲ್ಲ ಕಟ್ಟುವುದೇ. ಹುಡುಗಿಯ ಪುಸ್ತಕದಲ್ಲೂ ಪ್ರತಿ ಪುಟಕ್ಕೆ ಎರಡು ಕಾಲಂ ಇವೆ: 'ಬಿಚ್ಚಿದ್ದು' ಮತ್ತು 'ಕಟ್ಟಿದ್ದು'. ಯಾರೂ ಹೇಳಿಕೊಟ್ಟದ್ದಲ್ಲ, ಕೇಳಿ ಕೇಳಿ ಬಂದದ್ದು. ಬಿಚ್ಚಿದ ಪ್ರತಿ ಬೋಲ್ಟಿಗೂ ಚೀಟಿ ಕಟ್ಟಿ, ಡಬ್ಬಿಯಲ್ಲಿಟ್ಟು, ಯಾವ ಕಡೆಯದ್ದು ಅಂತ ಬರೆದಿದ್ದಾಳೆ. ಎಡ ಕಾಲಂ ಬೇಗ ಬೇಗ ತುಂಬುತ್ತಿದೆ. ಬಲ ಕಾಲಂನಲ್ಲಿ ಇನ್ನೂ ಜಾಸ್ತಿ ಏನಿಲ್ಲ.

'ಕಟ್ಟು'ವಿನಲ್ಲಿ ಒಂದು ಕೊರತೆ ಇದೆ. 'ಹಿಂದೆ ಇದ್ದ ಹಾಗೆ' ಅನ್ನುವುದು ಅದರಲ್ಲಿ ಬರುವುದಿಲ್ಲ. ಅದನ್ನು ತರಲು 'ಮರಳಿ ಕಟ್ಟು' ಅನ್ನಬಹುದೇ? 'ಮರುಕಟ್ಟು' ಅಂತಲೂ ಬರೆದು ನೋಡಿದೆ. ಮರುಮದುವೆ, ಮರುಎಣಿಕೆ, ಮರುಮುದ್ರಣ ಎಲ್ಲ ಇವೆ. ಆದರೆ ಅವೆಲ್ಲ ನಾಮಪದಗಳು. ಕ್ರಿಯಾಪದಕ್ಕೆ 'ಮರು' ಅಂಟಿಸಿದರೆ ನನ್ನ ಕಿವಿಗೆ ಸರಿ ಬರುತ್ತಿಲ್ಲ. ನಿಮಗೆ ಹೇಗೆ ಕೇಳುತ್ತದೆ?

ಮರುಮುದ್ರಣ ಅಂದಾಗ ನೆನಪಾಯಿತು. ನಮ್ಮ ಕೆಲಸದಲ್ಲಿ ಮರುಮುದ್ರಣ ಬೇರೆ, ಪರಿಷ್ಕೃತ ಮುದ್ರಣ ಬೇರೆ. ಮರುಮುದ್ರಣದಲ್ಲಿ ಲೇಖಕರ ಒಂದು ಅಲ್ಪವಿರಾಮವನ್ನೂ ಮುಟ್ಟುವುದಿಲ್ಲ. ಹುಡುಗಿ ಮಾಡುತ್ತಿರುವುದು ಮರುಮುದ್ರಣ. ಬಣ್ಣದ ವಿಷಯದಲ್ಲಿ ಅದು ಕಣ್ಣಿಗೇ ಕಂಡಿತು. ಡಿಕ್ಕಿಯ ಮೇಲೆ ಒಂದು ಕಡೆ ವಾಟರ್ ಪೇಪರ್ ಹಾಕಿ, ನೀರು ಬಿಟ್ಟು, ದುಂಡಗೆ ಉಜ್ಜುತ್ತಾ ಹೋದಳು. ಈರುಳ್ಳಿ ಅಡ್ಡ ಕೊಯ್ದ ಹಾಗೆ ಬಳೆ ಬಳೆಯಾಗಿ ಬಣ್ಣಗಳು ಕಂಡವು. ಮೇಲೆ ಬಿಳಿ, ಅದರ ಕೆಳಗೆ ಕೆನೆ, ಆಮೇಲೆ ಬೂದು ಪ್ರೈಮರ್, ಎಲ್ಲಕ್ಕಿಂತ ಕೆಳಗೆ ತಿಳಿನೀಲಿ. ನಾನು ಹುಟ್ಟಿದಾಗಿನಿಂದ ಆ ಕಾರನ್ನು ಬಿಳಿ ಅಥವಾ ಕೆನೆ ಬಣ್ಣದಲ್ಲೇ ನೋಡಿದ್ದೆ. ಅಪ್ಪ ಕೊಂಡ ದಿನ ಅದು ನೀಲಿ ಇತ್ತು ಅಂತ ಗೊತ್ತಾದದ್ದು ಆಗಲೇ. ಬಾಗಿಲ ಒಳಗಿನ ಹಲಗೆ ಬಿಚ್ಚಿದಾಗ ಅದರ ಹಿಂದೆ ಬಿಸಿಲು ಕಾಣದ ಅದೇ ನೀಲಿ, ಅಂಗೈಯಷ್ಟು, ಹೊಚ್ಚ ಹೊಸದರ ಹಾಗೆ ಉಳಿದಿತ್ತು.

ಡಿಕ್ಕಿ ಅಂದೆನಲ್ಲ, ಅದಕ್ಕೂ ಒಂದು ಮಾತು. ಡಿಕ್ಕಿ ಹೊಡೆಯುವ ಡಿಕ್ಕಿಯೇ ಬೇರೆ, ಕಾರಿನ ಡಿಕ್ಕಿಯೇ ಬೇರೆ. ಎರಡನೆಯದು ಇಂಗ್ಲಿಷಿನ 'ಡಿಕಿ ಸೀಟ್', ಹಿಂದಿನ ಕಾಲದ ಕಾರಿನ ಹಿಂಬದಿಯಲ್ಲಿ ಮಡಚಿಡುತ್ತಿದ್ದ ಆಸನ. ಆಸನ ಹೋಯಿತು, ಹೆಸರು ನಮ್ಮಲ್ಲಿ ಉಳಿಯಿತು. 'ಸ್ಟೆಪ್ನಿ' ಕೂಡ ಹಾಗೆಯೇ. ಅದು ವೇಲ್ಸ್‌ನ ಲಾನೆತ್ಲಿ ಊರಿನ ಒಂದು ಬೀದಿಯ ಹೆಸರು. 1904ರ ಸುಮಾರಿಗೆ ಅಲ್ಲಿ ಶುರುವಾದ ಹೆಚ್ಚುವರಿ ಚಕ್ರದ ಕಂಪನಿ ಆ ಹೆಸರು ಇಟ್ಟುಕೊಂಡಿತು. ಈಗ ನಮ್ಮ ಎತ್ತಿನಗಾಡಿ ಹೊಡೆದವರಿಗೂ ಅದು ಗೊತ್ತು. ಹೊಸ ಪದ ಕಟ್ಟುವಾಗ ಇಂಥವನ್ನು ಕಿತ್ತು ಹಾಕಬೇಕು ಅಂತ ನಾನು ಹೇಳುವುದಿಲ್ಲ.

'ವಿಂಟೇಜ್' ಬಗ್ಗೆಯೂ ಕೇಳಬೇಕು. ಅದರ ಮೂಲ ದ್ರಾಕ್ಷಿ ಕೊಯ್ಲು. ಇಂಗ್ಲೆಂಡಿನ ಹಳೇ ಕಾರಿನವರು 1919ರಿಂದ 1930ರವರೆಗಿನ ಕಾರನ್ನು ಮಾತ್ರ ಹಾಗೆ ಕರೆಯುತ್ತಾರೆ. ನಮ್ಮಲ್ಲಿ 2021ರ ಕೇಂದ್ರದ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಮತ್ತು ಚಾಸಿ, ಬಾಡಿ, ಇಂಜಿನ್ ದೊಡ್ಡ ಬದಲಾವಣೆಯಿಲ್ಲದೆ ಮೂಲ ರೂಪದಲ್ಲೇ ಇರಬೇಕು. ಅಂಥದಕ್ಕೆ 'ವಿಎ' ಅಕ್ಷರವಿರುವ ನಂಬರ್ ಸಿಗುತ್ತದೆ. ಕನ್ನಡದಲ್ಲಿ 'ಪುರಾತನ ಕಾರು' ಅಂತ ಪತ್ರಿಕೆಯಲ್ಲಿ ಓದಿದರೆ ನನಗೆ ಗುಹೆಯ ಚಿತ್ರ ಕಣ್ಣಿಗೆ ಬರುತ್ತದೆ. 'ಹಳೇ ಕಾರು' ಅಂದರೆ ಏನು ಕಮ್ಮಿ? ಹಳೇ ಪೇಪರ್, ಹಳೇ ಕಬ್ಬಿಣ ಅಂದಾಗ ಬೆಲೆ ಇಳಿಯುತ್ತದೆ, ನಿಜ. ಆದರೆ ಹಳೇ ಅಕ್ಕಿ, ಹಳೇ ಹುಣಸೆಹಣ್ಣು, ಹಳೇ ಬೆಲ್ಲ ಅಂದಾಗ ಏರುತ್ತದೆ. ಎರಡನೇ 'ಹಳೇ'ಯನ್ನು ಕಾರಿಗೂ ಕೊಡಬಹುದಲ್ವಾ?

ಕೊನೆಗೆ ಹಳಗನ್ನಡ ಬಲ್ಲವರಿಗೆ ಒಂದು ಪ್ರಶ್ನೆ. ಹುಡುಗಿಗೆ ಇದು ಮೊದಲ ಕೆಲಸ. ಶುರುವಿನಲ್ಲಿ ಬೋಲ್ಟು ಬಿಚ್ಚಲು ಹೋಗಿ ತಲೆ ಸವೆಸುತ್ತಿದ್ದಳು. ಈಗ ಕೈ ಇಟ್ಟ ಕೂಡಲೇ ಎಷ್ಟು ಬಿಗಿ ಇದೆ ಅಂತ ಅವಳಿಗೆ ತಿಳಿಯುತ್ತದೆ. ಹೋದ ವಾರ ಮೇಸ್ತ್ರಿ ನನಗೆ ಹೇಳಿದರು: "ಅಕ್ಕಾ, ಕೈ ಪಳಗ್ತಾ ಐತೆ." ಹಳೆ ಅನ್ನುವುದು ಹಿಂದೆ 'ಪೞೆ', ಪಳಗು ಅನ್ನುವುದು 'ಪೞಗು'. ಎರಡರಲ್ಲೂ ಅದೇ ೞ. ಇವೆರಡೂ ಒಂದೇ ಬೇರಿನವೇ? ತಿಳಿದವರು ದಯವಿಟ್ಟು ಹೇಳಿ.

ಮತ್ತೆ ನಿಮ್ಮ ನಿಮ್ಮ ಊರಿನ ಗ್ಯಾರೇಜಿನಲ್ಲಿ, ನಿಂತುಹೋದ ಗಾಡಿಯನ್ನು ಮೊದಲಿನ ಹಾಗೆ ಮಾಡುವುದಕ್ಕೆ ಏನನ್ನುತ್ತಾರೆ ಅಂತ ಕೇಳಿ ಬರೆಯಿರಿ. ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆಯವರು ತಪ್ಪದೆ ಬರೆಯಿರಿ. ಅವಳು ರಟ್ಟಿನ ಆ ಜಾಗದಲ್ಲಿ ಪೆನ್ಸಿಲ್ಲಿನಿಂದ 'ಮರಳಿ ಕಟ್ಟಿದ್ದು' ಅಂತ ಬರೆದಿಟ್ಟಿದ್ದಾಳೆ. ಪೆನ್ನಿನಲ್ಲಿ ಇನ್ನೂ ಬರೆದಿಲ್ಲ.